ತೆಂಗಿನ ಸಸಿಯ ಮೊದಲ ಮೂರು ಬೇಸಿಗೆ

ತೆಂಗಿನ ಸಸಿ ಗುಂಡಿಗಿಳಿದ ಮೇಲೆ ಫಸಲಿಗೆ ಬರಲು ಏಳೆಂಟು ವರ್ಷ ಬೇಕು. ಆದರೆ ಅದು ಉಳಿಯುವುದೋ ಒಣಗುವುದೋ ಎಂಬುದು ಮೊದಲ ಎರಡು ಮೂರು ಬೇಸಿಗೆಗಳಲ್ಲೇ ಗೊತ್ತಾಗಿಬಿಡುತ್ತದೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೋಟಗಾರಿಕೆಯ ಚರಿತ್ರೆ ಬಹುಮಟ್ಟಿಗೆ ಈ ಬೇಸಿಗೆಗಳನ್ನು ದಾಟಿಸಿದ ಚರಿತ್ರೆ.

ತೆಂಗು ಕರಾವಳಿಯ ಮರ. ಈ ಮೂರು ತಾಲ್ಲೂಕುಗಳಾದರೋ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದ ಬಯಲುಸೀಮೆ. ಇಲ್ಲಿ ಬೀಳುವ ಮಳೆ ಮಂಗಳೂರಿನ ಮಳೆಯ ಕಾಲುಭಾಗವೂ ಆಗದು. ಹಾಗಿದ್ದೂ ತೆಂಗು ಇಲ್ಲಿ ನೆಲೆಯೂರಲು ಕೆರೆಗಳು ಕಾರಣ. ಕೆರೆಯ ಹಿಂದಿನ ತಗ್ಗಿನಲ್ಲಿ, ಹಳ್ಳದ ದಂಡೆಯಲ್ಲಿ ಕೆಲವೇ ಮೊಳ ಅಗೆದರೆ ತೇವ ಸಿಗುತ್ತಿತ್ತು. ಹಳೆಯ ತೋಟಗಳು ಊರಿನ ಎಲ್ಲ ದಿಕ್ಕಿಗೂ ಹರಡದೆ ತಗ್ಗು ಹಿಡಿದು ಸಾಲಾಗಿ ಬೆಳೆದದ್ದು ಇದರಿಂದಲೇ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡು ತೆಗೆದು ತೋಟಕ್ಕೆ ಹೊಡೆಯುವ ವಾಡಿಕೆಯೂ ಹೀಗೆ ಬೆಳೆದದ್ದು: ಕೆರೆಯ ಹೂಳು ಕಡಿಮೆಯಾಗುತ್ತಿತ್ತು, ಮರಕ್ಕೆ ಗೊಬ್ಬರ ಸಿಗುತ್ತಿತ್ತು.

ಲೂಯಿಸ್ ರೈಸ್ ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್‌ನಲ್ಲಿ (ಪರಿಷ್ಕೃತ ಆವೃತ್ತಿ 1897) ಹಳೆಯ ಮೈಸೂರು ಸೀಮೆಯಲ್ಲಿ ಹೊಸ ತೆಂಗಿನ ತೋಟ ಎಬ್ಬಿಸುವ ಕ್ರಮ ವಿವರವಾಗಿ ಸಿಗುತ್ತದೆ. ಮೂರು ನಾಲ್ಕು ಮೊಳದಲ್ಲಿ ನೀರು ಸಿಗುವ ಮರಳುಮಿಶ್ರಿತ ಹಗುರ ಮಣ್ಣು ಉತ್ತಮ, ಎರೆ ಮಣ್ಣು ನಂತರದ್ದು, ಕೆಬ್ಬೆ ಮಣ್ಣು ಕೊನೆಯದು. ಬಿತ್ತನೆಗೆ ಮರದಿಂದ ತಾನಾಗಿ ಉದುರಿದ ಕಾಯಿಯೇ ಬೇಕು. ಅದನ್ನು ಸುಲಿಯದೆ ಒಂದು ತಿಂಗಳು ಬಯಲಿನಲ್ಲಿ ಒಣಗಿಸಿ, ಯುಗಾದಿಯ ಹೊತ್ತಿಗೆ ಮಡಿಯಲ್ಲಿ ಮರಳು ಹರಡಿ, ಕಣ್ಣು ಮೇಲೆ ಬರುವಂತೆ ಒತ್ತೊತ್ತಾಗಿ ಇಟ್ಟು ಮತ್ತೆ ಮರಳು ಮಣ್ಣು ಮುಚ್ಚುತ್ತಿದ್ದರು. ಮೂರು ತಿಂಗಳಲ್ಲಿ ಸಸಿ ಕೀಳಲು ಬರುತ್ತಿತ್ತು. ಅಷ್ಟರಲ್ಲಿ ಮುಂಗಾರು ಹಿಡಿದಿರುತ್ತಿತ್ತು. ಇಪ್ಪತ್ತು ಅಡಿ ಅಂತರದಲ್ಲಿ ಎರಡು ಅಡಿ ಆಳ, ಒಂದು ಮೊಳ ಅಗಲದ ಗುಂಡಿ ತೋಡಿ, ಅಡಿಗೆ ಮರಳು ಹಾಕಿ, ಕಾಯಿ ಕಳಚದಂತೆ ಸಸಿಯನ್ನು ಕೂರಿಸಿ, ಮೇಲೆ ಮಣ್ಣು ಮತ್ತು ಸಗಣಿ ಗೊಬ್ಬರ ತುಂಬುತ್ತಿದ್ದರು. ಮಳೆ ಬಂದ ದಿನ ಬಿಟ್ಟರೆ ಮೂರು ವರ್ಷ ದಿನಾಲೂ ನೀರು ಕೊಡಬೇಕಿತ್ತು. ಏತ, ಕಪಿಲೆಗಳಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಇದು ಮನೆಮಂದಿಯ ದುಡಿಮೆಯನ್ನೆಲ್ಲ ಬೇಡುವ ಕೆಲಸ. ಒಂದು ಮನೆ ಒಂದು ಸಲಕ್ಕೆ ಎಷ್ಟು ಸಸಿ ನೆಡಬಹುದೆಂಬುದನ್ನು ಜಮೀನಿಗಿಂತ ಹೆಚ್ಚಾಗಿ ನೀರೇ ನಿರ್ಧರಿಸುತ್ತಿತ್ತು.

ಈ ಕ್ರಮದ ಹಿಂದೆ ಗಟ್ಟಿಯಾದ ಕಾರಣಗಳಿವೆ. ಮೊಳೆತ ಸಸಿ ಒಂದು ವರ್ಷದ ಆಚೆಗೂ ಕಾಯಿಯೊಳಗಿನ ತಿರುಳನ್ನೇ ಉಂಡು ಬೆಳೆಯುತ್ತದೆ. ಕಾಯಿ ಕಳಚಿದರೆ ಸಸಿಯ ಬುತ್ತಿಯೇ ಹೋದಂತೆ. ಮರಳು ಬೇರಿನ ಬಳಿ ನೀರು ನಿಲ್ಲಗೊಡುವುದಿಲ್ಲ, ಗೆದ್ದಲನ್ನೂ ದೂರವಿಡುತ್ತದೆ. ಉದುರು ಕಾಯಿ ಪೂರ್ತಿ ಬಲಿತದ್ದು. ಅಂಥ ಬಲಿತ ಕಾಯಿಗೆ ಈ ಸೀಮೆಯಲ್ಲಿ ಎರಡು ದಾರಿ. ಅಟ್ಟಕ್ಕೇರಿದ್ದು ಹತ್ತು ಹನ್ನೆರಡು ತಿಂಗಳಲ್ಲಿ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ, ಮಡಿಗಿಳಿದದ್ದು ಸಸಿಯಾಗುತ್ತದೆ. ಅಲುಗಿಸಿದಾಗ ಒಳಗೆ ನೀರು ಕುಲುಕಿದರೆ ಬಿತ್ತನೆಗೆ ಯೋಗ್ಯ. ಒಣಗಿದ ತಿರುಳಿನ ಉಂಡೆ, ಅಂದರೆ ಗಿಟಕು, ಗಡಗಡ ಎಂದರೆ ಸುಲಿಯಲು ಸಿದ್ಧ.

1889ರ ಹೊತ್ತಿಗೆ ಬೆಂಗಳೂರು–ಹರಿಹರ ರೈಲು ಮಾರ್ಗ ಪೂರ್ಣಗೊಂಡಿತು. ತಿಪಟೂರು ಅದರ ಮೇಲಿನ ನಿಲ್ದಾಣವಾಯಿತು. ಕೆಡದೆ ದೂರ ಹೋಗಬಲ್ಲ ಉಂಡೆ ಕೊಬ್ಬರಿಗೆ ಉತ್ತರದ ಮಾರುಕಟ್ಟೆ ಹತ್ತಿರವಾಯಿತು. ಕೊಬ್ಬರಿಯೇ ಸೀಮೆಯ ಬಾಳ್ವೆಯಾದ ಮೇಲೆ ತಾಯಿ ಮರದ ಆಯ್ಕೆಯೂ ಅದರ ಲೆಕ್ಕದಲ್ಲೇ ನಡೆಯಿತು: ದುಂಡನೆಯ ಕಾಯಿ, ದಪ್ಪ ತಿರುಳು, ಬರ ತಡೆಯುವ ಬೊಡ್ಡೆ. ತಿಪಟೂರು ಟಾಲ್ ಎಂದು ಹೆಸರಾದ ಎತ್ತರದ ತಳಿ ಇಂಥ ಆಯ್ಕೆಯಲ್ಲಿ ಉಳಿದುಬಂದದ್ದು.

ಇಪ್ಪತ್ತನೆಯ ಶತಮಾನದಲ್ಲಿ ಸಸಿಯ ಆರೈಕೆಗೆ ಸಂಶೋಧನೆಯ ಲೆಕ್ಕ ಸೇರಿತು. 1916ರಲ್ಲಿ ಕಾಸರಗೋಡಿನಲ್ಲಿ ತೆಂಗು ಸಂಶೋಧನಾ ಕೇಂದ್ರ ಆರಂಭವಾಯಿತು. 1970ರಲ್ಲಿ ಅದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಯಿತು. ತಿಪಟೂರಿನ ನೆರೆಯ ಅರಸೀಕೆರೆಯಲ್ಲೂ ಸಂಶೋಧನಾ ಕೇಂದ್ರ ಬಂತು. 1981ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ಸ್ಥಾಪನೆಯಾಯಿತು. ಎತ್ತರದ ತಳಿಗಳಲ್ಲಿ ಪರಕೀಯ ಪರಾಗಸ್ಪರ್ಶವೇ ಹೆಚ್ಚಾದ್ದರಿಂದ ಒಳ್ಳೆಯ ಮರದ ಕಾಯಿಯೆಲ್ಲ ಒಳ್ಳೆಯ ಸಸಿಯಾಗುವುದಿಲ್ಲ. ಆದ್ದರಿಂದ ತಾಯಿ ಮರದಷ್ಟೇ ಮಡಿಯಲ್ಲಿ ಸಸಿ ಆರಿಸುವುದೂ ಮುಖ್ಯವೆಂದಾಯಿತು: ತಡವಾಗಿ ಮೊಳೆತದ್ದನ್ನು ಬಿಟ್ಟು, ಒಂಬತ್ತರಿಂದ ಹನ್ನೆರಡು ತಿಂಗಳ, ಆರೆಲೆಗೆ ಕಡಿಮೆಯಿಲ್ಲದ, ಬುಡದ ಸುತ್ತಳತೆ ಕನಿಷ್ಠ 10 ಸೆಂ.ಮೀ. ಇರುವ ಸಸಿಯನ್ನಷ್ಟೇ ತರಬೇಕು. ಗುಂಡಿ ಮೂರಡಿ ಚೌಕಕ್ಕೂ ಮೂರಡಿ ಆಳಕ್ಕೂ ಬೆಳೆಯಿತು. ಅಂತರ 25–30 ಅಡಿಯಾಯಿತು. ಎಳೆಯ ಸಸಿಗೆ ಮೊದಲೆರಡು ಬೇಸಿಗೆ ಗರಿಯ ನೆರಳು, ನಾಲ್ಕು ದಿನಕ್ಕೊಮ್ಮೆ ಸುಮಾರು 45 ಲೀಟರ್ ನೀರು, ಕುರುವಾಯಿ ದುಂಬಿ ಸುಳಿಗೆ ಇಳಿಯದಂತೆ ಗರಿಯ ಕಂಕುಳಿಗೆ ಮರಳು ಬೆರೆಸಿದ ಬೇವಿನ ಹಿಂಡಿ ಎಂಬುದು ಈಗಿನ ಶಿಫಾರಸು. ತಗ್ಗಿನ ತೋಟಗಳು ಕೊಳವೆಬಾವಿ ಬಂದ ಮೇಲೆ ದಿಣ್ಣೆಗೂ ಹತ್ತಿದವು. ಮರ ಫಸಲಿಗೆ ಬರುವವರೆಗೆ ಸಾಲಿನ ನಡುವೆ ಹೆಸರು, ರಾಗಿ ಬೆಳೆಯಲು ಅಡ್ಡಿಯಿಲ್ಲ.

ಏತದ ಜಾಗಕ್ಕೆ ಹನಿ ನೀರಾವರಿಯ ಕೊಳವೆ ಬಂದಿದೆ; ಮನೆಯ ಮಡಿಯ ಜೊತೆಗೆ ನರ್ಸರಿಗಳೂ ಬಂದಿವೆ. ಬದಲಾಗದೆ ಉಳಿದದ್ದು ಒಂದೇ ನಿಯಮ: ಮೊದಲ ಬೇಸಿಗೆಗಳಿಗೆ ನೀರಿನ ಭರವಸೆ ಇಲ್ಲದ ನೆಲದಲ್ಲಿ ತೆಂಗಿನ ಸಸಿ ನೆಡಬಾರದು.