ಪಾನ್ಸೋಸ್: ಹಕ್ಕುಪತ್ರ ಕೇಳಿದ ಊರು

ಏಲಕ್ಕಿ ಅಂದ್ರೆ ನಮಗೆ ಪಶ್ಚಿಮ ಘಟ್ಟ. ಆದರೆ ಇವತ್ತು ಏಲಕ್ಕಿ ರಫ್ತಿನಲ್ಲಿ ಮುಂದಿರೋದು ಮಧ್ಯ ಅಮೆರಿಕದ ಗ್ವಾಟೆಮಾಲ. ಅದರಲ್ಲಿ ಬಹುಪಾಲು ಬೆಳೆಯೋದು ಆಲ್ಟಾ ವೆರಾಪಾಸ್ ಪ್ರಾಂತ್ಯದ ಬೆಟ್ಟಗಳಲ್ಲಿ. ನಾನು ಇವತ್ತು ಆ ಬೆಟ್ಟ ಇಳಿದು, ಪೊಲೊಚಿಕ್ ನದಿ ದಂಡೆಯ ಪಾನ್ಸೋಸ್ ಅನ್ನೋ ಪುಟ್ಟ ಊರಿನ ಕಥೆ ಹೇಳ್ತೀನಿ.

19ನೇ ಶತಮಾನದ ಕೊನೆಗೆ ಈ ಊರು ಒಂದು ಬಂದರು. ಮೇಲಿನ ಬೆಟ್ಟದಲ್ಲಿ ಜರ್ಮನ್ ತೋಟಗಾರರು ಬೆಳೆಸಿದ ಕಾಫಿ ಇಲ್ಲಿಗೆ ಬರ್ತಿತ್ತು. ಇಲ್ಲಿಂದ ಹಬೆ ದೋಣಿಯಲ್ಲಿ ನದಿ, ಇಸಾಬಲ್ ಸರೋವರ, ಆಮೇಲೆ ಸಮುದ್ರ, ಕೊನೆಗೆ ಜರ್ಮನಿ. ಇದಕ್ಕಂತಲೇ ಒಂದು ಪುಟ್ಟ ರೈಲು ಮಾರ್ಗವೂ ಇತ್ತು. ಕಾಫಿ ಕೊಯ್ದವರು ಯಾರು? ಆ ನೆಲದ ಕೆಕ್ಚಿ ಮಾಯಾ ಜನ. 1877ರ ಒಂದು ಕಾನೂನು ತೋಟದ ಮಾಲೀಕರು ಕೇಳಿದಾಗ ಅವರನ್ನು ಕೂಲಿಗೆ ಕಳಿಸೋಕೆ ದಾರಿ ಮಾಡಿತ್ತು. ಬಿಟ್ಟಿ ಚಾಕರಿ ಅಂತೀವಲ್ಲ, ಹೆಚ್ಚುಕಮ್ಮಿ ಅದೇ.

1952ರಲ್ಲಿ ಭೂಸುಧಾರಣೆ ಬಂತು. 1954ರಲ್ಲಿ ಅಮೆರಿಕದ ಸಿಐಎ ಬೆಂಬಲದ ದಂಗೆಯಲ್ಲಿ ಸರ್ಕಾರ ಬಿತ್ತು, ಕೊಟ್ಟ ಜಮೀನನ್ನೂ ವಾಪಸ್ ಕಿತ್ತುಕೊಂಡರು. ನಮ್ಮ ಬಗರ್ ಹುಕುಂ ರೈತರ ಪಾಡು ನಿಮಗೆ ಗೊತ್ತಿದ್ದರೆ ಮುಂದಿನದು ಸುಲಭವಾಗಿ ಅರ್ಥವಾಗುತ್ತೆ: ಉಳೋದು ಇವರು, ಕಾಗದ ಇನ್ನೊಬ್ಬರ ಹೆಸರಲ್ಲಿ.

1978ರ ಮೇ 29. ಜಮೀನಿನ ವಿಚಾರ ಮಾತಾಡೋಕೆ ನೂರಾರು ಕೆಕ್ಚಿ ರೈತರು ಪಾನ್ಸೋಸ್ ಚೌಕಕ್ಕೆ ಬಂದರು. ಹೆಂಗಸರು, ಮಕ್ಕಳೂ ಇದ್ದರು. ಮೇಯರ್‌ಗೆ ಒಂದು ಪತ್ರ ಕೊಡಬೇಕಿತ್ತು, ಅಷ್ಟೇ. ಸೈನಿಕರು ಗುಂಡು ಹಾರಿಸಿದರು. ಮುಂದೆ ಸತ್ಯಶೋಧನಾ ಆಯೋಗ ದಾಖಲಿಸಿದ ಸಾವು 53. ಸತ್ತವರಲ್ಲಿ ಅಡೆಲಿನಾ ಕಾಲ್ ಮಾಕಿನ್ ಅನ್ನೋ ಹಿರಿಯ ರೈತ ನಾಯಕಿಯೂ ಇದ್ದರು. ಜನ ಅವರನ್ನು ಮಾಮಾ ಮಾಕಿನ್ ಅಂತ ಕರೀತಿದ್ದರು. ಹೆಣಗಳನ್ನು ಒಂದೇ ಗುಂಡಿಗೆ ಹಾಕಿದರು. ಅದನ್ನು ಅಗೆದು ತೆಗೆಯೋಕೆ 1997ರವರೆಗೆ ಕಾಯಬೇಕಾಯ್ತು. ಅಷ್ಟರೊಳಗೆ, 1990ರಲ್ಲಿ, ಮೆಕ್ಸಿಕೋಗೆ ಓಡಿಹೋಗಿದ್ದ ನಿರಾಶ್ರಿತ ಮಹಿಳೆಯರು ತಮ್ಮ ಸಂಘಕ್ಕೆ ಮಾಮಾ ಮಾಕಿನ್ ಹೆಸರಿಟ್ಟಿದ್ದರು.

ನನಗೆ ಇಲ್ಲಿ ಕಾಡೋದು ಆ ಪತ್ರ. ಬಂದೂಕಲ್ಲ, ಕಾಗದ ಹಿಡಿದು ಬಂದವರು ಇವರು.

ಈಗ ಆ ರೈಲಿಲ್ಲ, ಹಬೆ ದೋಣಿಯೂ ಇಲ್ಲ. ಕಣಿವೆಯ ತಗ್ಗಿನಲ್ಲಿ ಎಣ್ಣೆ ತಾಳೆ, ಕಬ್ಬು ಹಬ್ಬಿದೆ. ಎರಡಕ್ಕೂ ಒಟ್ಟಾಗಿ ದೊಡ್ಡ ಜಮೀನು ಬೇಕು. 2011ರ ಮಾರ್ಚ್‌ನಲ್ಲಿ ಇದೇ ಪೊಲೊಚಿಕ್ ಕಣಿವೆಯಿಂದ ಸುಮಾರು 800 ಕೆಕ್ಚಿ ಕುಟುಂಬಗಳನ್ನು ಪೊಲೀಸರು, ಸೈನಿಕರು ಒಕ್ಕಲೆಬ್ಬಿಸಿದರು. ಅವರು ಹಾಕಿದ್ದ ಮೆಕ್ಕೆಜೋಳದ ಹೊಲಗಳೂ ನಾಶವಾದವು.