ಈಚಲ ಸೇಂದಿಯ ರುಚಿಪರೀಕ್ಷೆ

ಯಾದಗಿರಿಯ ಬಳಿಚಕ್ರ ಗ್ರಾಮವೂ ಅದರ ನೆರೆಯ ಸೀಮೆಯೂ 1956ರವರೆಗೆ ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ನಿಜಾಮರ ಬೊಕ್ಕಸಕ್ಕೆ ಆಬಕಾರಿಯು ಪ್ರಮುಖ ಆದಾಯಮೂಲವಾಗಿದ್ದುದರಿಂದ ಹಳ್ಳದಂಚಿನ ಈಚಲ ಮರವೂ ಸರ್ಕಾರದ ಲೆಕ್ಕದೊಳಗೆ ಬಂದಿತ್ತು. ಬೆಲ್ಜಿಯಂ ದೇಶದವರು ಗೋದಿಯ ಬೀರಿಗೆ ಕಿತ್ತಳೆಯ ಸಿಪ್ಪೆಯನ್ನೂ ಕೊತ್ತಂಬರಿ ಬೀಜವನ್ನೂ ಕೂಡಿಸಿ ಸಾಧಿಸುವ ಫಲಗಂಧವು ಈ ಮರದ ರಸ ಹುದುಗಿ ಆಗುವ ಸೇಂದಿಗೆ ಸಹಜವಾಗಿಯೇ ಒದಗುತ್ತದೆ.

ಇದರ ಪರೀಕ್ಷೆಯೆಂದರೆ ಹೊತ್ತಿನ ಪರೀಕ್ಷೆ. ಸೂರ್ಯೋದಯಕ್ಕೆ ಮುನ್ನ ಇಳಿಸಿದ ರಸವು ಮಧುರವಾಗಿ, ತುಸು ಮಬ್ಬಾಗಿರುವುದು. ಬಿಸಿಲೇರಿದಂತೆ ಮಡಕೆಯಲ್ಲಿ ನೆಲೆಸಿದ ಹುದುಗುಜೀವಿಗಳು ಸಕ್ಕರೆಯನ್ನು ಮದ್ಯಸಾರವಾಗಿ ಮಾರ್ಪಡಿಸಿ ನೊರೆಯುಕ್ಕಿಸುವುವು. ಮಧ್ಯಾಹ್ನ ಕಳೆದರೆ ಹುಳಿಯೇ ಮೇಲುಗೈ. ಬಲ್ಲವನು ಮೊದಲು ನೊರೆಯನ್ನು ನೋಡಿ, ಆಮೇಲೆ ಮೂಸಿ, ಕಡೆಗೆ ಒಂದು ಗುಟುಕನ್ನು ನಾಲಗೆಯ ಮೇಲೆ ನಿಲ್ಲಿಸಿಕೊಳ್ಳುವನು. ಮಡಕೆಗೆ ಸುಣ್ಣ ಬಳಿದಿದ್ದರೆ ಹುದುಗು ತಡೆದು ರಸವು ಹುದುಗದ ಸಿಹಿ ನೀರಾ ಆಗಿಯೇ ಉಳಿಯುವುದು.

ಸೇಂದಿ ಇಳಿಸಿ ಮಾರುವ ವೃತ್ತಿಯನ್ನು ಹೀನವೆಂದವರಿಗೆ ಹನ್ನೆರಡನೆಯ ಶತಮಾನದ ಹೆಂಡದ ಮಾರಯ್ಯನ ಹೆಸರೇ ಸಾಕು: ಹೆಂಡ ಮಾರುವ ಕಾಯಕದ ಆ ಶರಣನು ವಚನಕಾರರ ಪಂಕ್ತಿಯಲ್ಲಿ ಗೌರವದಿಂದ ಕುಳಿತವನು. ಸೇಂದಿಯನ್ನು ಕೆಡಿಸಿದುದು ಈಚಲಲ್ಲ, ಕ್ಲೋರಲ್ ಹೈಡ್ರೇಟಿನಂತಹ ಕಲಬೆರಕೆ. 2004ರಲ್ಲಿ ಕರಾವಳಿಯನ್ನುಳಿದು ಕರ್ನಾಟಕದಲ್ಲಿ ಸೇಂದಿಗೆ ನಿಷೇಧ ಬಂದಾಗ ಮರವೇರುವವರ ಕೈಚಳಕವೂ ಕುಡಿಯುವವರ ರುಚಿಯ ವಿವೇಚನೆಯೂ ಒಟ್ಟಿಗೇ ಕ್ಷೀಣಿಸಿದುವು.