ಪೆನ್ನಿಯ ಮೇಲೆ ಉಳಿದ ಕೈಗುರುತು

ಇಂಗ್ಲೆಂಡಿನಲ್ಲಿ 1971ರವರೆಗೂ ಅಂಗಡಿಯವನು ಕೊಟ್ಟ ಚಿಲ್ಲರೆಯಲ್ಲಿ ನೂರು ವರ್ಷ ಹಳೆಯ ನಾಣ್ಯವೊಂದು ಸಿಗುವುದು ಅಚ್ಚರಿಯ ಸಂಗತಿಯಾಗಿರಲಿಲ್ಲ. 1860ರಿಂದ ಅಚ್ಚಾಗತೊಡಗಿದ ವಿಕ್ಟೋರಿಯಾ ರಾಣಿಯ ಕಂಚಿನ ಪೆನ್ನಿಗಳು ಆಗಲೂ ಕೈಯಿಂದ ಕೈಗೆ ಓಡಾಡುತ್ತಿದ್ದವು. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, ಇಪ್ಪತ್ತು ಶಿಲ್ಲಿಂಗಿಗೆ ಒಂದು ಪೌಂಡು. ಆಣೆ-ಪೈಗಳ ಲೆಕ್ಕವನ್ನು ಹಿರಿಯರ ಬಾಯಲ್ಲಿ ಕೇಳಿದ ನಮಗೆ ಇದು ತೀರಾ ಅಪರಿಚಿತವಲ್ಲ. ಬಡವನ ಜೇಬಿನ ಈ ಕಾಸನ್ನು ತಿರುಗಿಸಿ ನೋಡುವವರು ಕಡಿಮೆ. ಹಾಗೆ ತಿರುಗಿಸಿ, ಭೂತಗನ್ನಡಿ ಹಿಡಿದು ನೋಡಿದ ಕೆಲವರ ಶೌಕ್ ಇಂದು ಒಂದು ಶಾಸ್ತ್ರವಾಗಿಯೇ ಬೆಳೆದಿದೆ.

ಪೆನ್ನಿಯ ವಂಶಾವಳಿ ದೊಡ್ಡದು. ಎಂಟನೆಯ ಶತಮಾನದಲ್ಲಿ ಮರ್ಸಿಯಾದ ದೊರೆ ಆಫಾ ಬೆಳ್ಳಿಯ ಪೆನ್ನಿಯನ್ನು ನೆಲೆಗೊಳಿಸಿದ. ಇದೇ ಆಫಾನ ಹೆಸರಿನ ಚಿನ್ನದ ನಾಣ್ಯವೊಂದು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಅದು ಅಬ್ಬಾಸಿ ಖಲೀಫ ಮನ್ಸೂರರ ಹಿಜರಿ 157ರ ದೀನಾರಿನ ನಕಲು. ಅರಬಿ ಬರಹದ ನಡುವೆ ಆಫಾನ ಹೆಸರು ತಲೆಕೆಳಗಾಗಿ ಕೂತಿದೆ. ಅಚ್ಚು ಕೊರೆದವನಿಗೆ ಅರಬಿ ಬರುತ್ತಿರಲಿಲ್ಲವೆಂದು ಹೇಳಲು ಬೇರೆ ಸಾಕ್ಷಿ ಬೇಕಿಲ್ಲ. ಹಳೆಯ ಪೆನ್ನಿಯನ್ನು ಬರವಣಿಗೆಯಲ್ಲಿ ಸೂಚಿಸುತ್ತಿದ್ದ 'ಡಿ' ಅಕ್ಷರ ಮತ್ತು ಅರಬರ ದೀನಾರ್, ಎರಡರ ಮೂಲವೂ ರೋಮನರ 'ದೆನಾರಿಯಸ್' ಎಂಬ ಒಂದೇ ಪದ. ನಾಣ್ಯಗಳು ಗಡಿಗಳನ್ನು ದಾಟಿದಷ್ಟು ಸುಲಭವಾಗಿ ಮನುಷ್ಯರೂ ದಾಟಿರಲಿಕ್ಕಿಲ್ಲ.

ತಾಮ್ರದ ಪೆನ್ನಿ ಬಂದದ್ದು 1797ರಲ್ಲಿ. ಬರ್ಮಿಂಗ್‌ಹ್ಯಾಮಿನ ಸೋಹೊ ಟಂಕಸಾಲೆಯಲ್ಲಿ ಮ್ಯಾಥ್ಯೂ ಬೋಲ್ಟನ್ ಉಗಿಯಂತ್ರದಿಂದ ಅದನ್ನು ಅಚ್ಚು ಹಾಕಿಸಿದ. ಒಂದು ಔನ್ಸ್ ತೂಕ, ದಪ್ಪನೆಯ ಅಂಚು. ಜನ ಅದನ್ನು 'ಗಾಡಿಚಕ್ರ' ಎಂದೇ ಕರೆದರು. ಅದರ ಅಚ್ಚು ಕೊರೆದವನು ಕುಕ್ಲರ್ ಎಂಬ ಕಲಾವಿದ. ಈ ಹೆಸರನ್ನು ಕನ್ನಡಿಗರಾದ ನಾವು ನೆನಪಿಡಬೇಕಾಗಿದೆ. ಏಕೆಂದರೆ 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ್ ಹತರಾದ ನೆನಪಿಗೆ ಈಸ್ಟ್ ಇಂಡಿಯಾ ಕಂಪನಿ ಹಂಚಿದ ಪದಕವೂ ಇದೇ ಟಂಕಸಾಲೆಯಲ್ಲಿ, ಇದೇ ಕೈಯಲ್ಲಿ ರೂಪುಗೊಂಡಿತು. ಬ್ರಿಟನ್ನಿನ ಸಿಂಹ ಮೈಸೂರಿನ ಹುಲಿಯನ್ನು ಕೆಡವುತ್ತಿರುವ ಚಿತ್ರ ಅದರಲ್ಲಿದೆ. ಮೇಲಿನ ಬಾವುಟದಲ್ಲಿ ಅರಬಿಯಲ್ಲಿ 'ಅಲ್ಲಾಹನ ಸಿಂಹವೇ ವಿಜಯಿ' ಎಂದಿದೆ. ಅದು ಟಿಪ್ಪುವೇ ತನ್ನ ಆಯುಧಗಳ ಮೇಲೆ ಬರೆಸಿದ್ದ ಮಾತು. ಗೆದ್ದವರು ಕೋಟೆಯ ಜೊತೆಗೆ ಸೋತವರ ಭಾಷೆಯನ್ನೂ ಲೂಟಿ ಮಾಡುತ್ತಾರೆಂಬುದಕ್ಕೆ ಇದಕ್ಕಿಂತ ದೊಡ್ಡ ಪುರಾವೆ ಯಾಕೆ?

1860ರಲ್ಲಿ ತಾಮ್ರ ಹೋಗಿ ಕಂಚು ಬಂತು. ನೂರಕ್ಕೆ 95 ಪಾಲು ತಾಮ್ರ, ನಾಲ್ಕು ತವರ, ಒಂದು ಸತು. ಸಂಗ್ರಾಹಕರು ಮುಗಿಬೀಳುವುದು ಈ ಕಂಚಿನ ಪೆನ್ನಿಗಳ ಮೇಲೆಯೇ. ಅಚ್ಚುಗಳು ಸವೆಯುತ್ತಿದ್ದವು, ಒಡೆಯುತ್ತಿದ್ದವು. ಹೊಸ ಅಚ್ಚಿಗೆ ಇಸವಿಯ ಅಂಕಿಗಳನ್ನು ಕೆಲಸಗಾರ ಉಳಿಯಂತಹ ಮೊಳೆ ಹಿಡಿದು ಕೈಯಿಂದಲೇ ಬಡಿಯುತ್ತಿದ್ದ. ಒಮ್ಮೆ ಅಂಕಿ ಕೊಂಚ ಸರಿಯಿತು, ಮತ್ತೊಮ್ಮೆ ಹಳೆಯ ಅಚ್ಚಿನ 3ರ ಮೇಲೆಯೇ 5 ಬಿತ್ತು. ಹೀಗೆ ಒಂದೇ ವರ್ಷದ ಪೆನ್ನಿಗಳಲ್ಲಿ ಹಲವು ಬಗೆಗಳು ಹುಟ್ಟಿದವು.

1860ರ ಕೆಲವು ಪೆನ್ನಿಗಳ ಅಂಚಿನಲ್ಲಿ ಮಣಿಗಳ ಸಾಲಿದೆ, ಕೆಲವಕ್ಕೆ ಹಲ್ಲುಗಳ ಸಾಲು. ಒಂದು ಬದಿಗೆ ಮಣಿ, ಇನ್ನೊಂದು ಬದಿಗೆ ಹಲ್ಲು ಇರುವುದು ಸಿಕ್ಕಿತೆಂದರೆ ಸಂಗ್ರಾಹಕನಿಗೆ ಅಂದೇ ಈದ್. 1863ರ ಕೆಲವೇ ಪೆನ್ನಿಗಳಲ್ಲಿ ಇಸವಿಯ ಕೆಳಗೆ ಪುಟ್ಟ ಅಂಕಿಯೊಂದಿದೆ. 1902ರ ಕೆಲವು ಪೆನ್ನಿಗಳಲ್ಲಿ ಬ್ರಿಟಾನಿಯಾ ದೇವಿಯ ಹಿಂದಿನ ಕಡಲಿನ ಗೆರೆ ಸ್ವಲ್ಪ ಕೆಳಗಿದೆ. ಅದಕ್ಕೆ 'ಇಳಿತದ ಪೆನ್ನಿ' ಎಂದು ಹೆಸರು.

ಅಕ್ಷರವೊಂದು ಇಲ್ಲದಿರುವುದೂ ಬೆಲೆ ತರಬಲ್ಲದು. 1882ರಲ್ಲಿ ಲಂಡನ್ನಿನ ಟಂಕಸಾಲೆ ಹೊಸ ಯಂತ್ರಗಳಿಗಾಗಿ ಮುಚ್ಚಿದ್ದರಿಂದ ಪೆನ್ನಿಗಳ ಕೆಲಸ ಬರ್ಮಿಂಗ್‌ಹ್ಯಾಮಿನ ಹೀಟನ್ ಕಂಪನಿಗೆ ಹೋಯಿತು. ಗುರುತಿಗೆಂದು ಇಸವಿಯ ಕೆಳಗೆ 'ಹೆಚ್' ಅಕ್ಷರ ಬಿತ್ತು. ಆ ಅಕ್ಷರವಿಲ್ಲದ 1882ರ ಪೆನ್ನಿ ಬಹಳ ವಿರಳ. ಹಾಗಾಗಿ 'ಹೆಚ್' ಉಜ್ಜಿ ಅಳಿಸಿ ಮಾರುವ ವಂಚಕರೂ ಹುಟ್ಟಿಕೊಂಡರು.

ಎಲ್ಲಕ್ಕಿಂತ ಪ್ರಸಿದ್ಧವಾದುದು 1933ರ ಪೆನ್ನಿ. ಆ ವರ್ಷ ಬ್ಯಾಂಕುಗಳಲ್ಲಿ ಪೆನ್ನಿಗಳು ತುಂಬಿ ತುಳುಕುತ್ತಿದ್ದವು. ಹೊಸತು ಬೇಕಿರಲಿಲ್ಲ. ಕಟ್ಟಡಗಳ ಅಡಿಗಲ್ಲಿನ ಕೆಳಗಿಡಲು ಮತ್ತು ಸಂಗ್ರಹಾಲಯಗಳಿಗೆಂದು ಏಳರಷ್ಟು ಮಾತ್ರ ಅಚ್ಚಾದವು. 1970ರಲ್ಲಿ ಲೀಡ್ಸ್ ನಗರದ ಮಿಡ್ಲ್‌ಟನ್ನಿನ ಚರ್ಚೊಂದರ ಅಡಿಗಲ್ಲಿನಿಂದ ಕಳ್ಳರು ಅದನ್ನು ಎಗರಿಸಿದರು. ಅದೇ ನಗರದ ಮತ್ತೊಂದು ಚರ್ಚಿನ ಪೆನ್ನಿಗೂ ಈ ಗತಿ ಬರಬಾರದೆಂದು ಅದನ್ನು ಹೊರತೆಗೆದು 1972ರಲ್ಲಿ ಮಾರಲಾಯಿತು. ದೇವರ ಮನೆಯ ಬುನಾದಿಯೂ ಕಾಸಿನ ಆಸೆಯ ಮುಂದೆ ಗಟ್ಟಿಯಾಗಿ ನಿಲ್ಲಲಿಲ್ಲ.

ಆದರೆ ಸಂಗ್ರಾಹಕರನ್ನೆಲ್ಲ ಇದೇ ತಕ್ಕಡಿಯಲ್ಲಿ ತೂಗಲಾಗದು. ವಿಲ್ಸನ್ ಪೆಕ್ 1960ರಲ್ಲಿ ಬ್ರಿಟಿಷ್ ಮ್ಯೂಸಿಯಂನ ತಾಮ್ರ, ತವರ, ಕಂಚಿನ ನಾಣ್ಯಗಳ ಬೃಹತ್ ಪಟ್ಟಿ ಪ್ರಕಟಿಸಿದರು. ಮೈಕೆಲ್ ಫ್ರೀಮನ್ 1970ರಲ್ಲಿ ಕಂಚಿನ ನಾಣ್ಯಗಳ ಒಂದೊಂದು ಅಚ್ಚಿನ ಜೋಡಿಗೂ ಸಂಖ್ಯೆ ಕೊಟ್ಟು, ಯಾವುದು ಎಷ್ಟು ವಿರಳ ಎಂದು ಗುರುತಿಸಿದರು. ಇದೆಲ್ಲ ತಾಳ್ಮೆಯ ಕೆಲಸ. ಇದರಿಂದಲೇ ದೊರೆಗಳ ಮುಖದ ಹಿಂದೆ ಅಡಗಿದ್ದ ಕೆಲಸಗಾರರ ಕೈ ನಮಗೆ ಕಂಡಿತು. ರಾಣಿಯ ಹೆಸರು ನಾಣ್ಯದ ಸುತ್ತ ಬರೆದಿದೆ. ಅಂಕಿ ಬಡಿದವನ ಹೆಸರು ಅಲ್ಲಿಲ್ಲ. ಆತ ಬಿಟ್ಟುಹೋದದ್ದು ಒಂದು ಕೂದಲೆಳೆಯ ವ್ಯತ್ಯಾಸ ಮಾತ್ರ. ಅದನ್ನು ನಾವು 'ತಪ್ಪು' ಎನ್ನುತ್ತೇವೆ, ಹರಾಜಿನವರು 'ಅಪರೂಪ' ಎನ್ನುತ್ತಾರೆ. ನಿಜವಾಗಿ ಅದು ಆತನ ಸಹಿ.

ನಮ್ಮ ಮನೆಗಳ ಟ್ರಂಕುಗಳಲ್ಲೂ ಟಿಪ್ಪುವಿನ ಕಾಲದ ಆನೆ ಚಿತ್ರದ ದುಡ್ಡು, ವಿಕ್ಟೋರಿಯಾಳ ಕಾಲಾಣೆ ಇನ್ನೂ ಉಳಿದಿರಬಹುದು. ಹುಣಸೆಹಣ್ಣು ಹಚ್ಚಿ ಥಳಥಳ ತಿಕ್ಕಿದರೆ ಆ ಸಹಿ ಅಳಿಸಿಹೋಗುತ್ತದೆ. ಪಾತ್ರೆಯವನ ತಕ್ಕಡಿಗೆ ಹಾಕಿದರೆ ಚರಿತ್ರೆಯೇ ಕರಗಿಹೋಗುತ್ತದೆ. ಮಾರುವ ಮೊದಲು, ತೊಳೆಯುವ ಮೊದಲು ಒಮ್ಮೆ ಬೆಳಕಿಗೆ ಹಿಡಿದು ನೋಡೋಣ.